ದಪ್ಪ ಕಡೆಯಿಂದ ಮೂರನೆಯದು

ಜೂನ್ ೩

ಅಪ್ಪನಿಗೆ ನಮಸ್ಕಾರ.

ಫೋನಿನಲ್ಲಿ ನಾನು ಇಲ್ಲಿಂದ ಕೂಗುವುದು, ಅದನ್ನೇ ಅತ್ತೆ ಅಲ್ಲಿ ನಿಮ್ಮ ಕಿವಿಯ ಹತ್ತಿರ ಇನ್ನೊಮ್ಮೆ ಕೂಗುವುದು, ನೀವು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಡುವುದು. ಪ್ರತಿ ಭಾನುವಾರದ ಈ ನಾಟಕ ನನಗಂತೂ ಸಾಕಾಯಿತು. ಮೊನ್ನೆ ಇಂಜಿನ್ನಿನ ವಿಷಯ ಹೇಳಿದರೆ ನೀವು ಊಟ ಆಯಿತು ಅಂದಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಮ್ಮ ವ್ಯಾನು ಮೂರು ವಾರದಿಂದ ಟಿಕ್ ಟಿಕ್ ಅನ್ನುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಜೋರು. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಅಷ್ಟೇ ಚುರುಕಾಗುತ್ತದೆ. ಎರಡನೇ ಸುತ್ತಿಗೆ ಸೇತುವೆ ದಾಟುವ ಹೊತ್ತಿಗೆ ತಗ್ಗುತ್ತದೆ, ಮಧ್ಯಾಹ್ನಕ್ಕೆ ಇದ್ದೂ ಇಲ್ಲದ ಹಾಗೆ. ಆಯಿಲ್ ಸರಿಯಾಗಿದೆ, ನಾನೇ ಕಡ್ಡಿ ಎಳೆದು ನೋಡಿದ್ದೇನೆ.

ಇಷ್ಟಾದರೆ ನಿಮ್ಮ ತಲೆ ತಿನ್ನುತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ಕೋಣೆಯ ಮೇಲ್ವಿಚಾರಕರು ನಿಮಗೆ ಗೊತ್ತಲ್ಲ, ಇಸ್ತ್ರಿ ಹಾಕಿದ ಮುಖದವರು. ಕೊಳೆ ಹಾಸಿಗೆ ಬಟ್ಟೆಗಳನ್ನು ತುಂಬುವ ಜಾಗ ವಾರ್ಡಿನ ಕಿಟಕಿಗಳ ಕೆಳಗೇ ಇದೆ. "ಬೆಳಿಗ್ಗೆ ಆರೂವರೆಗೇ ನಿಮ್ ಗಾಡಿ ಗಡಿಯಾರ ಥರ ಶುರು ಮಾಡುತ್ತೆ. ರೋಗಿಗಳು ಎದ್ದು ಕೂತ್ಕೋತಾರೆ. ಜುಲೈ ಮುಗಿಯೋದ್ರೊಳಗೆ ಸರಿ ಮಾಡ್ಸಿ, ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕೋತೀವಿ," ಅಂದರು. ಆಸ್ಪತ್ರೆಯಿಂದ ಲಾಂಡ್ರಿಗೆ, ಲಾಂಡ್ರಿಯಿಂದ ಆಸ್ಪತ್ರೆಗೆ ದಿನಕ್ಕೆ ಮೂರು ಸುತ್ತು. ಹತ್ತು ವರ್ಷದಿಂದ ನನಗಿರುವ ಕೆಲಸ ಇದೊಂದೇ. ಇದು ಹೋದರೆ ನಾನೂ ವ್ಯಾನೂ ಒಟ್ಟಿಗೆ ಮೂಲೆ ಸೇರುತ್ತೇವೆ.

ಇನ್ನೊಂದು ವಿಷಯ. ಕೂತು ಓದಿ. ಒಂದು ವರ್ಷದಿಂದ ಗಾಡಿಯನ್ನು ನಿಮ್ಮ ಹಳೆಯ ಶಿಷ್ಯ ಹದಿನಾಲ್ಕರ ಹತ್ತಿರ ಸರ್ವೀಸ್ ಮಾಡಿಸುತ್ತಿದ್ದೇನೆ. ಉಳಿದವರ ಕೈಗೆ ಕೊಟ್ಟು ಕೊಟ್ಟು ಬೇಸತ್ತಿದ್ದೆ. ನೀವು ಅವನನ್ನು ನಮ್ಮ ರಿಪೇರಿ ಷೆಡ್ಡಿನಿಂದ ಓಡಿಸಿ ಎಂಟು ವರ್ಷವಾಯಿತು, ನನ್ನ ಹತ್ತಿರ ಅವನು ಈಗಲೂ ಹತ್ತು ಮಾತಿಗೆ ಮೀರಿ ಆಡುವುದಿಲ್ಲ. ಆದರೆ ಕಳೆದ ತಿಂಗಳು ಸರ್ವೀಸ್ ಮುಗಿಸಿ ಕೀ ಕೊಡುವಾಗ ಒಂದು ಮಾತು ಹೇಳಿದ. "ಈ ವ್ಯಾನ್ ಮಾರೋದಾದ್ರೆ ಮೊದ್ಲು ನಂಗೆ ಹೇಳು." ಅದಾದ ನಾಲ್ಕನೇ ದಿನಕ್ಕೆ ಟಿಕ್ ಟಿಕ್ ಶುರು. ಅಂದಿನಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿದೆ.

ಬೈಯುವುದನ್ನು ಬೈದು, ಏನು ಮಾಡಬೇಕೆಂದೂ ಬರೆಯಿರಿ.

ನಿಮ್ಮ ಮಗಳು

ಜೂನ್ ೧೧

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲಿಗೆ ಒಂದು ಮಾತು. ನನ್ನ ಕಿವಿ ಸ್ವಲ್ಪ ಮಂದ, ಅಷ್ಟೇ. ನೀನೂ ನಿನ್ನ ಅತ್ತೆಯೂ ಬಾಯಲ್ಲಿ ಹತ್ತಿ ಇಟ್ಟುಕೊಂಡು ಮಾತಾಡಿದರೆ ನಾನೇನು ಮಾಡಲಿ?

ಆ ಗುಮ್ಮನಗುಸುಕನ ಕೈಗೆ ಗಾಡಿ ಕೊಟ್ಟೆಯಾ! ಅದೂ ಒಂದು ವರ್ಷ ಮುಚ್ಚಿಟ್ಟು! ಅವನು ನನ್ನ ಹತ್ತಿರ ಕೆಲಸಕ್ಕೆ ಸೇರಿದಾಗ ಯಾವ ನಂಬರಿನ ಸ್ಪ್ಯಾನರ್ ಕೇಳಿದರೂ ಹದಿನಾಲ್ಕನ್ನೇ ತಂದು ಕೊಡುತ್ತಿದ್ದ. ಹೆಸರು ಅಲ್ಲೇ ಅಂಟಿತು. ಅಂಥವನಿಗೆ ಹದಿಮೂರು ವರ್ಷ ಕೈ ಹಿಡಿದು ಕಲಿಸಿದೆ. ಕಡೆಗೆ ಏನು ಮಾಡಿದ? ನಿನಗೆ ಪೂರ್ತಿ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ಆ ದಿನ ಬೆಳಿಗ್ಗೆ ಡಾಕ್ಟರ ಕಾರಿನ ಟ್ಯಾಪೆಟ್ ನಾನೇ ಹೊಂದಿಸಿ, ಮುಚ್ಚಳ ಹಾಕಿ, ಬಿಗಿ ಮಾಡಿ ಊಟಕ್ಕೆ ಹೊರಟೆ. ಕನ್ನಡಕ ಮರೆತಿದ್ದೆ, ಅರ್ಧ ದಾರಿಯಿಂದ ವಾಪಸ್ ಬಂದೆ. ನೋಡಿದರೆ ಇವನು ಅದೇ ಮುಚ್ಚಳ ತೆಗೆದು ನನ್ನ ಕೆಲಸವನ್ನು ಕೆಡಿಸುತ್ತಾ ನಿಂತಿದ್ದಾನೆ. "ಯಾಕೋ?" ಅಂದೆ. ನೆಲ ನೋಡಿದ. ಇನ್ನೊಮ್ಮೆ ಕೇಳಿದೆ. ನೆಲವನ್ನೇ ನೋಡಿದ. ಗಿರಾಕಿಗಳ ಮುಂದೆ ನನ್ನ ಹೆಸರು ಕೆಡಿಸಿ ಅವರನ್ನು ತನ್ನ ಕಡೆ ಎಳೆದುಕೊಳ್ಳುವ ಹುನ್ನಾರ, ಇನ್ನೇನು? ಅವನು ಹೋದ ಮೇಲೆ ಎರಡು ವರ್ಷದಲ್ಲಿ ಒಂದೊಂದೇ ಗಾಡಿ ಕೆಟ್ಟು ವಾಪಸ್ ಬಂತು. ಬೇಕರಿಯವರದು, ದರ್ಜಿಯದು, ಇಬ್ಬರು ಮೇಷ್ಟ್ರುಗಳದು. ಎಲ್ಲವೂ ವಾಲ್ವ್ ಸುಟ್ಟು ಬಂದವು. ಹೋಗುವ ಮುಂಚೆ ಏನು ಮಾಡಿಟ್ಟು ಹೋದನೋ ಆ ಪುಣ್ಯಾತ್ಮ. ಷೆಡ್ ಮುಚ್ಚಿದ್ದು ನನ್ನ ವಯಸ್ಸಿನಿಂದಲ್ಲ, ಅವನಿಂದ.

ಈಗ ನಿನ್ನ ಟಿಕ್ ಟಿಕ್. ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದು ಹೆಚ್ಚಾದರೆ ಬಡಿಯುತ್ತದೆ. ಅವನು ಬೇಕೆಂದೇ ಸಂದು ಬಿಡಿಸಿದ್ದಾನೆ. ನೀನು ಬೇಸತ್ತು ಮಾರಲಿ ಅಂತ. ಅವನೇ ಬಾಯಿ ಬಿಟ್ಟು ಹೇಳಿದ್ದಾನಲ್ಲ!

ಆದರೂ ಪರೀಕ್ಷೆ ಮಾಡು. ಇಂಜಿನ್ನಿನ ಮೇಲಿನ ಮುಚ್ಚಳಕ್ಕೆ ನಾಲ್ಕು ನಟ್ ಇವೆ. ನಟ್ಟಿನಿಂದ ಮುಚ್ಚಳದವರೆಗೆ ಒಂದೊಂದು ಗೆರೆ ನಿನ್ನ ಉಗುರು ಬಣ್ಣದಲ್ಲಿ ಎಳೆ. ಆಯಿಲ್ ಬದಲಿಸು, ಬೇರೇನೂ ಮುಟ್ಟಬೇಡ ಅಂತ ಹೇಳಿ ಅವನಿಗೆ ಕೊಡು. ತಂದ ಮೇಲೆ ಗೆರೆ ನೋಡು.

ನಿನ್ನ ಅಪ್ಪ

ಜೂನ್ ೨೩

ಅಪ್ಪ,

ನೀವು ಹೇಳಿದ ಹಾಗೇ ಮಾಡಿದೆ. ನಾಲ್ಕು ಗೆರೆ, ಕೆಂಪು ಬಣ್ಣ. ಪತ್ತೇದಾರಿಕೆ ಮಾಡುತ್ತಿರುವ ಹೆಮ್ಮೆಯಲ್ಲಿ ನನ್ನ ಒಂದು ಬೆರಳಿಗೂ ಹಚ್ಚಿಕೊಂಡೆ. ಆಮೇಲೆ ಸಾಕ್ಷಿ ಕೈಯಲ್ಲೇ ಇದೆಯಲ್ಲ ಅಂತ ಗಾಬರಿಯಾಗಿ ಉಜ್ಜಿ ತೆಗೆದೆ.

ಹದಿನಾಲ್ಕರ ಷೆಡ್ಡಿನಲ್ಲಿ ಎರಡು ಗಂಟೆ ಆಗುತ್ತದೆ ಅಂದ. ಆಯಿಲ್ ಬದಲಿಸಲು ಎರಡು ಗಂಟೆಯೇ? ನಾನು ಲಾಂಡ್ರಿಗೆ ನಡೆದು ಹೋಗಿ ಬಂದೆ. ಕೈ ಒರೆಸಿಕೊಳ್ಳುತ್ತಾ ಕೀ ಕೊಟ್ಟ. "ಇವತ್ತು ಸಂಜೆ ಗಾಡಿ ಇಲ್ಲೇ ಬಿಟ್ಟು ಹೋಗು. ನಾಳೆ ಬೆಳಿಗ್ಗೆ ತಣ್ಣಗಿರೋವಾಗ ನಾನೇ ಸ್ಟಾರ್ಟ್ ಮಾಡ್ಬೇಕು," ಅಂದ. ಗಾಡಿಯನ್ನು ಅವನ ಷೆಡ್ಡಿನಲ್ಲಿ ಬಿಟ್ಟರೆ ಏನೇನು ಆಗುತ್ತದೋ! "ನಾಳೆ ಕೆಲ್ಸ ಇದೆ," ಅಂದೆ. "ಹಾಗಾದ್ರೆ ಭಾನುವಾರ?" ಅಂದ. "ಭಾನುವಾರಾನೂ ಇದೆ," ಅಂದೆ. ಸುಳ್ಳು ಅಂತ ಅವನಿಗೂ ಗೊತ್ತಾಯಿತು.

ಮನೆಗೆ ಬಂದು ಬಾನೆಟ್ ಎತ್ತಿದೆ. ನಾಲ್ಕು ಗೆರೆಗಳೂ ಮುರಿದಿದ್ದವು. ನಾಲ್ಕೂ! ನಟ್ ಬಿಚ್ಚಿ, ಮತ್ತೆ ಹಾಕಿ, ಬಟ್ಟೆಯಲ್ಲಿ ಒರೆಸಿದ್ದಾನೆ. ಬಾಯಿ ಬಿಟ್ಟು ಒಂದಕ್ಷರ ಹೇಳಿಲ್ಲ.

ಅಪ್ಪ, ಚಿಕ್ಕವಳಿದ್ದಾಗ ಅವನನ್ನು ಅಣ್ಣ ಅಂತ ಕರೆಯುತ್ತಿದ್ದೆ. ನನ್ನ ಸೈಕಲ್ ಚೈನು ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದ. ಒಂದು ವರ್ಷದಿಂದ ಅದೇ ನೆನಪಿನಲ್ಲಿ ಅವನ ಷೆಡ್ಡಿಗೆ ಹೋಗುತ್ತಿದ್ದೆ. ಎಷ್ಟು ಬೇಜಾರಾಗಿದೆಯೆಂದರೆ, ಮುರಿದ ಗೆರೆ ನೋಡಿ ಅತ್ತುಬಿಟ್ಟೆ.

ಮುಂದೇನು ಮಾಡಲಿ?

ನಿಮ್ಮ ಮಗಳು

ಜೂನ್ ೩೦

ಮಗಳೇ,

ಕಂಡೆಯಾ? ನಾನು ಹೇಳಿದರೆ ಎಲ್ಲರಿಗೂ ಮುದುಕನ ಗೊಣಗಾಟ.

ಅಳಬೇಡ, ಸ್ಪ್ಯಾನರ್ ಹಿಡಿ. ಈ ಕಾಗದದ ಜೊತೆ ನನ್ನ ಗೇಜು ಕಳಿಸಿದ್ದೇನೆ. ಚಾಕುವಿನ ಹಾಗೆ ಮಡಚುವ ಉಕ್ಕಿನ ಪಟ್ಟಿಗಳ ಗೊಂಚಲು, ನೀನು ಹುಟ್ಟುವ ಮೊದಲಿನಿಂದ ನನ್ನ ಜೇಬಿನಲ್ಲಿ ಇದ್ದದ್ದು. ಪಟ್ಟಿಗಳ ಮೇಲಿನ ಅಂಕಿ ಹುಡುಕಬೇಡ, ನನ್ನ ಬೆರಳಿಗೇ ಸವೆದು ಹೋಗಿವೆ. ನಾನು ಎಂದೂ ಅಂಕಿ ನೋಡಿದವನಲ್ಲ. ದಪ್ಪ ಕಡೆಯಿಂದ ಎಣಿಸು, ಮೂರನೆಯದು. ಅದೇ ನಮ್ಮ ವ್ಯಾನಿನ ಅಳತೆ, ಡಾಕ್ಟರ ಕಾರಿನದೂ ಅದೇ. ಬುಡದಲ್ಲಿ ಒಂದು ನೀಲಿ ಚುಕ್ಕೆ ಅಂಟಿದೆ ನೋಡು. ಹದಿನಾಲ್ಕರ ಕಾಲದ್ದೇ ಇರಬೇಕು. ನನ್ನ ಸಾಮಾನನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಇಂಜಿನ್ ಪೂರ್ತಿ ತಣ್ಣಗಿರಲಿ. ಮುಚ್ಚಳ ತೆಗೆ. ಎಂಟು ಟ್ಯಾಪೆಟ್. ಒಂದೊಂದು ವಾಲ್ವೂ ಮುಚ್ಚಿರುವಾಗ ಪಟ್ಟಿಯನ್ನು ಸಂದಿಗೆ ತೂರಿಸಿ ಎಳೆ. ಸಲೀಸಾಗಿ ಜಾರಬಾರದು, ಸಿಕ್ಕಿಕೊಳ್ಳಲೂ ಬಾರದು, ತುಸು ಹಿಡಿದು ಹಿಡಿದು ಬರಬೇಕು. ನೀನು ಹತ್ತನೇ ವಯಸ್ಸಿನಲ್ಲೇ ಇದನ್ನು ನನ್ನ ಪಕ್ಕ ನಿಂತು ಕಲಿತಿದ್ದೀಯ, ಕೈ ಮರೆತಿರುವುದಿಲ್ಲ.

ಕೆಲಸ ಆದ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಮುಚ್ಚಳದ ಮೇಲೆ ಇಡು, ಇಂಜಿನ್ನಿನ ಸದ್ದು ಹಲ್ಲಿನ ಮೂಲಕ ತಿಳಿಯುತ್ತದೆ. ಕಡೆಯ ವರ್ಷಗಳಲ್ಲಿ ನಾನು ಹಾಗೆಯೇ ಕೇಳುತ್ತಿದ್ದೆ. ಷೆಡ್ಡಿನಲ್ಲಿ ಗಲಾಟೆ ಜಾಸ್ತಿ, ಅದಕ್ಕೆ.

ನಿನ್ನ ಅಪ್ಪ

ಜುಲೈ ೯

ಅಪ್ಪ,

ಭಾನುವಾರ ಬೆಳಿಗ್ಗೆ ಏಳಕ್ಕೆ ಕೂತವಳು ಹನ್ನೊಂದಕ್ಕೆ ಎದ್ದೆ. ನನ್ನ ಬೆನ್ನು ನನ್ನದಾಗಿ ಉಳಿದಿಲ್ಲ. ಕೆಲಸ ಮಾಡಿದ್ದೇನೆ, ಆದರೆ ನನಗೆ ಸಮಾಧಾನವಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೊದಲು, ಏನೂ ಮುಟ್ಟದೆ ಎಂಟನ್ನೂ ಅಳೆದೆ. ನಿಮ್ಮ ಮೂರನೇ ಪಟ್ಟಿ ಎಂಟರಲ್ಲೂ ಸಡಿಲ. ಸರಿ, ಅವನು ಬಿಡಿಸಿದ್ದಾನೆ ಅಂದುಕೊಂಡೆ. ಸುಮ್ಮನೆ ಎರಡನೇ ಪಟ್ಟಿ ಹಾಕಿ ನೋಡಿದೆ. ಅದು ಎಂಟರಲ್ಲೂ ಹೇಳಿ ಮಾಡಿಸಿದ ಹಾಗೆ ಕೂತಿತು, ಒಂದರಲ್ಲೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಅಪ್ಪ, ಗಾಡಿ ಕೆಡಿಸುವವನು ಎಂಟನ್ನೂ ಇಷ್ಟು ಒಪ್ಪವಾಗಿ ಕೆಡಿಸುತ್ತಾನೆಯೇ?

ಆದರೂ ನೀವು ಹೇಳಿದ್ದೀರಿ ಅಂತ ಮೂರನೆಯದಕ್ಕೆ ಬಿಗಿ ಮಾಡಿದೆ. ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಹಾಗೇ ಇದೆ! ಹೋಗಿದ್ದು ಬೇರೊಂದು ಸದ್ದು. ಇಂಜಿನ್ ಮೇಲೆ ಹೊಲಿಗೆ ಯಂತ್ರ ದೂರದಲ್ಲಿ ಓಡುತ್ತಿರುವ ಹಾಗೆ ಒಂದು ಸಣ್ಣ ಸದ್ದು ಯಾವಾಗಲೂ ಇರುತ್ತಿತ್ತು, ಚಿಕ್ಕಂದಿನಿಂದ ಕೇಳಿದ್ದೇನೆ. ಅದು ಈಗ ಇಲ್ಲ.

ಮೂರು ದಿನದಿಂದ ಗಾಡಿ ಬೆಳಿಗ್ಗೆ ನಾಲ್ಕು ಸಲ ಎಳೆದರೂ ಎದ್ದೇಳುತ್ತಿಲ್ಲ. ಆಸ್ಪತ್ರೆಯ ಹಿಂದಿನ ಏರಿನಲ್ಲಿ ತುಂಬಿದ ಗಾಡಿ ನಿನ್ನೆ ನಿಂತೇಹೋಯಿತು. ಮೇಲ್ವಿಚಾರಕರು ಕಿಟಕಿಯಿಂದ ನೋಡುತ್ತಿದ್ದರು. ನಾನು ಅವರಿಗೆ ಕೈ ಬೀಸಿದೆ, ಅವರು ಬೀಸಲಿಲ್ಲ. ಇನ್ನು ಮೂರೇ ವಾರ ಇದೆ.

ಸ್ಕ್ರೂಡ್ರೈವರ್ ಕಚ್ಚಿ ಕೇಳಿದೆ. ಟಿಕ್ ಟಿಕ್ ಬರುತ್ತಿರುವುದು ಮುಚ್ಚಳದ ಕೆಳಗಿನಿಂದ ಅಲ್ಲ, ಎಲ್ಲೋ ಪಕ್ಕದಿಂದ. ನಿಮಗೆ ಏನನ್ನಿಸುತ್ತದೆ?

ನಿಮ್ಮ ಮಗಳು

ಜುಲೈ ೧೫

ಮಗಳೇ,

ನೀನು ತಪ್ಪು ಎಣಿಸಿದ್ದೀಯ. ತೆಳು ಕಡೆಯಿಂದ ಶುರು ಮಾಡಿರುತ್ತೀಯ. ಇಲ್ಲವಾದರೆ ಅವನು ಒಳಗೆ ಇನ್ನೇನೋ ಸಡಿಲಿಸಿದ್ದಾನೆ. ಮೂವತ್ತೈದು ವರ್ಷ ಇದೇ ಪಟ್ಟಿಯಲ್ಲಿ ಅಳೆದಿದ್ದೇನೆ, ಪಟ್ಟಿ ಸುಳ್ಳು ಹೇಳುವುದಿಲ್ಲ. ಸಣ್ಣ ಸದ್ದು ಹೋಯಿತಲ್ಲ, ಒಳ್ಳೆಯದೇ ಆಯಿತು. ಟಿಕ್ ಟಿಕ್ ಇನ್ನೂ ಇದ್ದರೆ ನಾಲ್ಕನೇ ಪಟ್ಟಿಗೆ ಬಿಗಿ ಮಾಡು.

ಅವನ ಷೆಡ್ಡಿನ ಕಡೆ ತಲೆ ಹಾಕಿ ಮಲಗಬೇಡ.

ನಿನ್ನ ಅಪ್ಪ

(ಇದೇ ಹಾಳೆಯ ಹಿಂಬದಿಯಲ್ಲಿ)

ಪುಟ್ಟಿ, ಅಂಚೆಗೆ ಹಾಕುವ ನೆಪದಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮಣ್ಣನಿಗೆ ಹೇಳಬೇಡ. ಅವನ ಕಿವಿ ಸ್ವಲ್ಪ ಮಂದ ಅಲ್ಲ, ಪೂರ್ತಿ ಹೋಗಿದೆ. ಫ್ರಿಜ್ ಓಡುತ್ತಿದೆಯೋ ಇಲ್ಲವೋ ಅಂತ ಅಂಗೈ ಇಟ್ಟು ನೋಡುತ್ತಾನೆ. ನಲ್ಲಿ ತೆರೆದು ಬಿಟ್ಟು ಎದ್ದು ಬರುತ್ತಾನೆ. ಇದು ಈಗಿನದಲ್ಲ ಅಂತ ನನ್ನ ಅನುಮಾನ. ನಿಮ್ಮ ಷೆಡ್ ಮುಚ್ಚುವುದಕ್ಕೂ ಎಷ್ಟೋ ಮುಂಚೆ, ನಾನು ಬಂದಾಗೆಲ್ಲ ನನ್ನ ತುಟಿ ನೋಡಿಕೊಂಡೇ ಉತ್ತರ ಕೊಡುತ್ತಿದ್ದ. ತಿರುಗಿ ನಿಂತು ಮಾತಾಡಿದರೆ ಸಿಟ್ಟು ಮಾಡುತ್ತಿದ್ದ. ಆಗ ಕೊಬ್ಬು ಅಂದುಕೊಂಡಿದ್ದೆ. ನಾಲ್ಕನೇ ಪಟ್ಟಿ ಗಿಟ್ಟಿ ಅಂತ ಏನೂ ಮಾಡುವ ಮುಂಚೆ ಒಮ್ಮೆ ಯೋಚಿಸು.

ಅತ್ತೆ

ಜುಲೈ ೨೪

ಅತ್ತೆ,

ಈ ಕಾಗದವನ್ನು ಅಪ್ಪನಿಗೆ ತೋರಿಸಬೇಡಿ. ಅಕ್ಕಿ ಡಬ್ಬದಲ್ಲೋ ಎಲ್ಲೋ ಬಚ್ಚಿಡಿ.

ನೀವು ಬರೆದದ್ದನ್ನು ಓದಿದ ಮೇಲೆ ನಾಲ್ಕನೇ ಪಟ್ಟಿ ಮುಟ್ಟಲಿಲ್ಲ. ಗೇಜು ಜೇಬಿಗೆ ಹಾಕಿಕೊಂಡು ಹದಿನಾಲ್ಕರ ಷೆಡ್ಡಿಗೆ ಹೋದೆ. ಜಗಳಕ್ಕೇ ಹೋಗಿದ್ದೆ. "ನಮ್ ಇಂಜಿನ್ ಮುಚ್ಚಳ ಯಾಕೆ ತೆಗ್ದೆ? ಗುರುತು ಹಾಕಿದ್ದೆ, ಸಿಕ್ಕಿಬಿದ್ದೆ," ಅಂದೆ. ಅವನು ಹೌದು ಅನ್ನುವ ಹಾಗೆ ತಲೆಯಾಡಿಸಿದ. "ಕೆಂಪು ಗೆರೆ ನೋಡ್ದೆ. ಇದು ಮೇಸ್ತ್ರಿ ಬುದ್ಧಿ ಅಂತ ಗೊತ್ತಾಯ್ತು. ಆದ್ರೂ ತೆಗ್ದೆ. ಟಿಕ್ ಅನ್ನೋ ಗಾಡೀನ ಟ್ಯಾಪೆಟ್ ನೋಡ್ದೆ ಹೆಂಗೆ ಕಳ್ಸೋದು? ಅದು ಸರಿಯಾಗಿತ್ತು. ಅದಕ್ಕೇ ಗಾಡಿ ಬಿಟ್ಟು ಹೋಗು, ತಣ್ಣಗಿರೋವಾಗ ನೋಡ್ಬೇಕು ಅಂದೆ."

ಅಷ್ಟರಲ್ಲಿ ನಾನು ಜೇಬಿನಿಂದ ತೆಗೆದ ಗೇಜು ಅವನ ಕಣ್ಣಿಗೆ ಬಿತ್ತು. ಅತ್ತೆ, ಅವನ ಮುಖ ನೋಡಬೇಕಿತ್ತು. "ಇದ್ರಲ್ಲಿ ಅಳತೆ ಮಾಡ್ದೆಯಾ?" ಅಂದವನೇ ಓಡಿ ಹೋಗಿ ಬಾನೆಟ್ ಎತ್ತಿದ. "ಎಷ್ಟು ದಿನ ಓಡಿಸ್ದೆ? ಇನ್ನೊಂದು ವಾರ ಆಗಿದ್ರೆ ವಾಲ್ವ್ ಸುಡ್ತಿತ್ತು!" ಇಷ್ಟು ವರ್ಷದಲ್ಲಿ ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಂದು ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲವಂತೆ. ಸದ್ದೂ ಇರುವುದಿಲ್ಲ, ಒಳಗೊಳಗೇ ಸುಡುತ್ತದೆ. ಆ ಹೊಲಿಗೆ ಯಂತ್ರದ ಸದ್ದು ಇರಬೇಕಾದದ್ದೇ ಅಂತೆ.

ಗೇಜನ್ನು ಬೆಳಕಿಗೆ ಹಿಡಿದು ಬುಡ ತೋರಿಸಿದ. ಎಲ್ಲಕ್ಕಿಂತ ದಪ್ಪದ ಪಟ್ಟಿ ಮುರಿದು, ಮೊಳೆಯ ಹತ್ತಿರ ಒಂದು ಚೂರು ಮಾತ್ರ ಉಳಿದಿದೆ. ಅಪ್ಪ ಕಣ್ಣು ಮುಚ್ಚಿ ಮೂರನೆಯದು ಅಂತ ಹಿಡಿಯುತ್ತಿದ್ದದ್ದು ನಿಜವಾಗಿ ನಾಲ್ಕನೆಯದು. ಕಿವಿ ಇದ್ದಿದ್ದರೆ ಆ ಸಣ್ಣ ಸದ್ದು ಇಲ್ಲ ಅಂತ ಅರೆಕ್ಷಣದಲ್ಲಿ ಹಿಡಿಯುತ್ತಿದ್ದರು. ಕೇಳಿಸುತ್ತಿರಲಿಲ್ಲ, ಯಾರಿಗೂ ಹೇಳಲೂ ಇಲ್ಲ.

"ಅದಕ್ಕೇ ಡಾಕ್ಟ್ರ ಕಾರು ತೆಗ್ದಿದ್ಯಾ?" ಅಂದೆ. ನೆಲ ನೋಡಿದ. ನಾನು ಬಿಡಲಿಲ್ಲ. "ಎಷ್ಟು ದಿನದಿಂದ?" "ಎರಡು ವರ್ಷ, ಪುಟ್ಟಿ. ಮೇಸ್ತ್ರಿ ಊಟಕ್ಕೆ ಹೋದಾಗ." "ಎಷ್ಟು ಗಾಡಿ?" "ಎಲ್ಲಾವೂ."

ಎಲ್ಲವೂ, ಅತ್ತೆ! ಎರಡು ವರ್ಷ, ಅಪ್ಪ ಮುಟ್ಟಿದ ಒಂದೊಂದು ಗಾಡಿಯನ್ನೂ ಇವನು ಊಟ ಬಿಟ್ಟು ಮತ್ತೆ ಬಿಚ್ಚಿ ಸರಿ ಮಾಡಿದ್ದಾನೆ. ಇವನನ್ನು ಓಡಿಸಿದ ಮೇಲೆ ಆ ಗಾಡಿಗಳೆಲ್ಲ ವಾಲ್ವ್ ಸುಟ್ಟು ಬಂದದ್ದು ಯಾಕೆ ಅಂತ ಈಗ ಅರ್ಥವಾಯಿತು.

"ಪಟ್ಟಿ ಮುರಿದಿದೆ ಅಂತ ಆಗ್ಲೇ ಹೇಳ್ಬಾರ್ದಿತ್ತಾ?" ಅಂತ ಕೂಗಿದೆ. "ಹೊಸ ಗೇಜು ತಂದಿಟ್ಟಿದ್ದೆ. ಮೇಸ್ತ್ರಿ ಕಿಟಕಿಯಿಂದ ಆಚೆ ಎಸೆದ್ರು, ನನ್ ಕೈ ಪಳಗಿರೋದು ಇದಕ್ಕೇ ಅಂತ. ಮುರಿದಿದೆ ಅಂದಿದ್ರೆ ಯಾರು ಮುರಿದಿದ್ದು ಅಂತ ಕೇಳ್ತಿದ್ರು," ಅಂದ. ಆಮೇಲೆ ಗೇಜಿನ ಬುಡದ ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟ.

ಅತ್ತೆ, ಆ ನೀಲಿ ನಮ್ಮ ವ್ಯಾನಿನ ಬಾಗಿಲಿನ ನೀಲಿ. ಹತ್ತು ವರ್ಷದ ಹಿಂದೆ ಆಸ್ಪತ್ರೆಯ ಕೆಲಸ ಸಿಕ್ಕಿದ ಖುಷಿಯಲ್ಲಿ ಬಾಗಿಲಿಗೆ ಬಣ್ಣ ಬಳಿದವಳು ನಾನು. ಡಬ್ಬದ ಮುಚ್ಚಳ ಬರಲಿಲ್ಲ. ಮೇಜಿನ ಮೇಲೆ ಅಪ್ಪನ ಗೇಜು ಇತ್ತು. ದಪ್ಪ ಪಟ್ಟಿ ಹಾಕಿ ಮೀಟಿದೆ, ಟಕ್ ಅಂತ ಮುರಿಯಿತು. ಚೂರನ್ನು ಚರಂಡಿಗೆ ಎಸೆದು, ಗೇಜನ್ನು ಒರೆಸಿ ಇದ್ದ ಜಾಗದಲ್ಲೇ ಇಟ್ಟೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಇವನು ನೋಡಿದ್ದ. ಎಷ್ಟೋ ಪಟ್ಟಿಗಳಲ್ಲಿ ಒಂದು ಹೋದರೆ ಏನಾಗುತ್ತದೆ ಅಂತ ಮರೆತೂಬಿಟ್ಟೆ.

ಎರಡು ತಿಂಗಳಿಂದ ಇವನ ಮೇಲೆ ಅನುಮಾನ ಪಟ್ಟು ಗೆರೆ ಎಳೆದವಳು ನಾನು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. "ಅಣ್ಣ," ಅಂದೆ. "ಮೇಸ್ತ್ರಿಗೆ ಹೇಳ್ಬೇಡ. ಈ ವಯಸ್ಸಲ್ಲಿ ಅವ್ರಿಗೆ ಬೇಡ ಅದು," ಅಂದ. ವ್ಯಾನು ಯಾಕೆ ಬೇಕಿತ್ತು ಅಂತ ಕೇಳಿದೆ. "ನಾನು ಕೆಲ್ಸ ಕಲ್ತಿದ್ದು ಇದ್ರಲ್ಲೇ ಅಲ್ವಾ. ಗುಜರಿಗೆ ಹೋಗ್ಬಾರ್ದು ಅಂತ," ಅಂದ.

ಟಿಕ್ ಟಿಕ್ ಏನಾಯಿತು ಅಂತ ಕೇಳುತ್ತೀರಿ. ಎಂಟು ಟ್ಯಾಪೆಟ್ಟನ್ನೂ ಅವನು ಮೊದಲಿನ ಅಳತೆಗೆ ತಂದ, ನಾನು ಗಾಡಿ ಅಲ್ಲೇ ಬಿಟ್ಟು ಬಂದೆ. ಬೆಳಿಗ್ಗೆ ತಣ್ಣಗಿರುವಾಗ ಒಂದೇ ನಿಮಿಷದಲ್ಲಿ ಹಿಡಿದ. ಇಂಜಿನ್ನಿನಿಂದ ಹೊಗೆ ಹೊರಡುವ ಕೊಳವೆ ಕೂಡುವಲ್ಲಿ ಹೊಗೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಸೀಳಿತ್ತು, ಪಕ್ಕದಲ್ಲಿ ಕಪ್ಪು ಮಸಿ. ಹೊಗೆ ಅಲ್ಲಿಂದ ಚಿಮ್ಮುವಾಗಲೇ ಆ ಟಿಕ್. ಕಾದ ಮೇಲೆ ಕಬ್ಬಿಣ ಹಿಗ್ಗಿ ಸೀಳು ಮುಚ್ಚಿಕೊಳ್ಳುತ್ತದೆ, ಸದ್ದು ತಗ್ಗುತ್ತದೆ. ನಾನು ಮೊದಲ ಕಾಗದದಲ್ಲೇ ಅಪ್ಪನಿಗೆ ಬರೆದಿದ್ದೆ, ಕಾದರೆ ತಗ್ಗುತ್ತದೆ ಅಂತ. ಕಿವಿ ಇಲ್ಲದಿದ್ದರೂ ಅಷ್ಟು ಸಾಕಿತ್ತು ಅವರಿಗೆ. ಆದರೆ ಹದಿನಾಲ್ಕರ ಹೆಸರು ಓದಿದ ಮೇಲೆ ಬೇರೇನೂ ಓದಲಿಲ್ಲ.

ನಿಮ್ಮ ಪುಟ್ಟಿ

ಜುಲೈ ೨೫

ಅಪ್ಪನಿಗೆ ನಮಸ್ಕಾರ.

ಸದ್ದು ಹೋಯಿತು. ಹೊಗೆ ಕೊಳವೆಯ ಗ್ಯಾಸ್ಕೆಟ್ ಸೀಳಿತ್ತು, ಬದಲಿಸಿದ್ದಾಯಿತು. ಮೇಲ್ವಿಚಾರಕರು ಇವತ್ತು ಹೊರಗೆ ಬಂದು, ಹೊಸ ಗಾಡಿಯೇ ಅಂತ ಕೇಳಿದರು. ಬಾಗಿಲಿನ ತುಕ್ಕು ಅವರಿಗೆ ಕಾಣಿಸಲಿಲ್ಲವೇನೋ. ಕೆಲಸ ಉಳಿಯಿತು. ನೀವು ಇನ್ನು ಚಿಂತೆ ಮಾಡಬೇಡಿ.

ನಿಮ್ಮ ಮಗಳು

ಆಗಸ್ಟ್ ೨

ಮಗಳೇ,

ಸಂತೋಷ. ಆದರೆ ನ್ಯಾಯವಾಗಿ ನನಗೆ ಎರಡು ಹಾಳೆ ತುಂಬ ಬರೆಯಬೇಕಿದ್ದವಳು ಎಂಟು ಸಾಲು ಬರೆದಿದ್ದೀಯ. ನೀನು ಏನನ್ನೋ ಮುಚ್ಚಿಡುತ್ತಿದ್ದೀಯ.

ಗ್ಯಾಸ್ಕೆಟ್ ಸೀಳಿದರೆ ಟಿಕ್ ಅನ್ನುತ್ತದೆ, ಒಪ್ಪಿದೆ. ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಆದರೆ ಟ್ಯಾಪೆಟ್ ಬಿಗಿ ಮಾಡಿದ ಮೇಲೆ ಗಾಡಿ ಏರಿನಲ್ಲಿ ನಿಂತಿತು ಅಂತ ಬರೆದಿದ್ದೆ. ಬೆಳಿಗ್ಗೆ ಎದ್ದೇಳುತ್ತಿಲ್ಲ ಅಂತ ಬರೆದಿದ್ದೆ. ಗ್ಯಾಸ್ಕೆಟ್ ಹಾಗೆ ಮಾಡುವುದಿಲ್ಲ. ಅದನ್ನು ಯಾರು ಸರಿ ಮಾಡಿದರು? ಹೇಗೆ? ನಿನ್ನ ಅತ್ತೆಯನ್ನು ಕೇಳಿದರೆ ಅಕ್ಕಿ ಆರಿಸುತ್ತಾಳೆ. ಒಂದೇ ಅಕ್ಕಿಯನ್ನು ಎರಡು ಸಲ ಆರಿಸಿದ್ದಾಳೆ.

ನನ್ನ ಗೇಜು ವಾಪಸ್ ಕಳಿಸು.

ನಿನ್ನ ಅಪ್ಪ

ಆಗಸ್ಟ್ ೧೦

ಅಪ್ಪ,

ಗೇಜು ಕಳಿಸಿದ್ದೇನೆ. ಪಟ್ಟಿ ಎಣಿಸುವ ಮುಂಚೆ ಬುಡವನ್ನು ನೋಡಿ. ಮೊದಲನೆಯ ಪಟ್ಟಿ ಇಲ್ಲ. ಅದನ್ನು ಮುರಿದವಳು ನಾನು, ವ್ಯಾನಿಗೆ ನೀಲಿ ಬಣ್ಣ ಬಳಿದ ದಿನ, ಡಬ್ಬ ತೆಗೆಯಲು ಹೋಗಿ. ಹೇಳಿದರೆ ಬೈಯುತ್ತೀರಿ ಅಂತ ಹೇಳಲಿಲ್ಲ. ಹತ್ತು ವರ್ಷವಾಯಿತು.

ಉಳಿದದ್ದನ್ನು ಹೇಳುವುದಿಲ್ಲ ಅಂತ ಒಬ್ಬರಿಗೆ ಮಾತು ಕೊಟ್ಟಿದ್ದೇನೆ.

ಕ್ಷಮಿಸಿ.

ನಿಮ್ಮ ಮಗಳು

ಆಗಸ್ಟ್ ೧೯

ಹದಿನಾಲ್ಕಕ್ಕೆ,

ಈ ವಿಳಾಸ ಹಳೆಯ ಗಿರಾಕಿಯೊಬ್ಬರಿಂದ ಸಿಕ್ಕಿತು. ನಾನು ಬರೆಯುತ್ತಿರುವುದು ಮಗಳಿಗೆ ಗೊತ್ತಿಲ್ಲ.

ಗೇಜು ನನ್ನ ಮುಂದಿದೆ. ನಾಲ್ಕು ದಿನದಿಂದ ಮುಂದಿದೆ. ಒಂದೇ ಪ್ರಶ್ನೆ ಕೇಳುತ್ತೇನೆ, ನೆಲ ನೋಡದೆ ಉತ್ತರ ಕೊಡು. ನನ್ನ ಬೆನ್ನ ಹಿಂದೆ ಎಷ್ಟು ಗಾಡಿ ಬಿಚ್ಚಿದೆ?

ಬರೆದೇ ಕಳಿಸು. ಬಾಯಲ್ಲಿ ಹೇಳಿದರೆ ನನಗೆ ಕೇಳಿಸುವುದಿಲ್ಲ. ಏನೂ ಕೇಳಿಸುವುದಿಲ್ಲ.

ಮೇಸ್ತ್ರಿ

ಆಗಸ್ಟ್ ೨೭

ಮೇಸ್ತ್ರಿಗಳಿಗೆ ನಮಸ್ಕಾರ.

ಅದೊಂದೇ ಗಾಡಿ. ಡಾಕ್ಟರ ಕಾರು. ನನಗೆ ಸುಮ್ಮನೆ ಅನುಮಾನ ಬಂದು ಬಿಚ್ಚಿದೆ. ನಿಮ್ಮ ಕೆಲಸ ಸರಿಯಾಗೇ ಇತ್ತು. ತಪ್ಪು ನನ್ನದು.

ವ್ಯಾನು ಚೆನ್ನಾಗಿ ಓಡುತ್ತಿದೆ.

ಹದಿನಾಲ್ಕು

ಸೆಪ್ಟೆಂಬರ್ ೪

ಮಗಳೇ,

ನಿನ್ನ ಮೇಲೆ ಕೋಪ ಇದೆ. ಅದನ್ನು ಕಾಗದದಲ್ಲಿ ತೀರಿಸುವುದಿಲ್ಲ, ಎದುರಿಗೇ ತೀರಿಸುತ್ತೇನೆ. ಅಂಚೆಗೆ ಅಷ್ಟು ಭಾರ ಹೊರಿಸಲಾಗದು.

ಹದಿನಾಲ್ಕಕ್ಕೆ ಬರೆದಿದ್ದೆ. ಉತ್ತರ ಬಂದಿದೆ. ಬಿಚ್ಚಿದ್ದು ಒಂದೇ ಗಾಡಿಯಂತೆ. ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಅವನು ಇದ್ದ ಕಡೆಯ ಎರಡು ವರ್ಷ ನನ್ನ ಷೆಡ್ಡಿನಿಂದ ಹೋದ ಒಂದು ಗಾಡಿಯೂ ವಾಲ್ವ್ ಸುಟ್ಟು ವಾಪಸ್ ಬರಲಿಲ್ಲ. ಅವನು ಹೋದ ಮೇಲೆ ಬೇಕರಿಯವರದು ಬಂತು, ದರ್ಜಿಯದು ಬಂತು, ಮೇಷ್ಟ್ರುಗಳದು ಬಂತು. ಅದೇ ಕೈ, ಅದೇ ಗೇಜು, ಅದೇ ಮೂರನೇ ಪಟ್ಟಿ. ಬದಲಾದದ್ದು ಒಂದೇ, ಅವನು ಇರಲಿಲ್ಲ.

ಹದಿಮೂರು ವರ್ಷ ಕೆಲಸ ಮಾಡಿದವನ ಮೇಲೆ ಎಂಟು ವರ್ಷ ಅನುಮಾನ ಪಟ್ಟೆ, ಎಲ್ಲವೂ ತಪ್ಪು. ಈ ಕಾಗದ ಓದಿ ಮತ್ತೊಮ್ಮೆ ಅನುಮಾನ ಪಡುತ್ತಿದ್ದೇನೆ, ಈ ಸಲ ಸರಿಯಾಗಿದ್ದೇನೆ. ಸುಳ್ಳು ಬರೆದಿದ್ದಾನೆ. ಆ ಸುಳ್ಳನ್ನು ಮಡಚಿ ಗೇಜಿನ ಜೊತೆ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನಿನ್ನ ಅತ್ತೆ ನನ್ನ ಮುಖ ನೋಡಿ, ಯಾಕಣ್ಣಾ ಅಂದಳು. ಅವಳ ತುಟಿ ನೋಡಿ ತಿಳಿಯಿತು. ಅವಳಿಗೂ ಹೇಳಿಬಿಟ್ಟೆ, ನನಗೆ ಕೇಳಿಸುವುದಿಲ್ಲ ಅಂತ. ಗೊತ್ತು ಅಂದಳು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ನೀನು ಬರಬೇಡ, ವ್ಯಾನು ತೆಗೆದುಕೊಂಡು ಅವನೇ ಬರಲಿ. ಬಾನೆಟ್ ಎತ್ತಿ ಇಂಜಿನ್ ಓಡಿಸಲಿ. ಸ್ಕ್ರೂಡ್ರೈವರ್ ತರುವುದಿಲ್ಲ. ಸದ್ದು ಹೇಗಿದೆ ಅಂತ ಅವನನ್ನೇ ಕೇಳುತ್ತೇನೆ, ಏನು ಹೇಳುತ್ತಾನೋ ಅದನ್ನು ನಂಬುತ್ತೇನೆ.

ನಿನ್ನ ಅಪ್ಪ